ಫುಟ್ಸಾಲ್ ಅಂಗಣದಿಂದ ಕಿತ್ತ ಹಲಗೆಗಳು

ಮರದ ನೆಲಕ್ಕೆ ನೀರು ಸುರಿಯಬಾರದು ಎಂದು ತಿಳಿಯಲು ಯಾರೂ ಕಾಲೇಜು ಮೆಟ್ಟಿಲು ಹತ್ತಬೇಕಾಗಿಲ್ಲ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಾಗ ಒದ್ದು ತೆಗೆದವರಿಗೆಲ್ಲ ಅದು ಗೊತ್ತು. ಹೀಗಿದ್ದೂ, ನಮ್ಮ ದೇಶದ ಫುಟ್ಸಾಲ್ ತಂಡ ಆಡಬೇಕಿದ್ದ ನೆಲಕ್ಕೆ ಹಾಡಹಗಲಲ್ಲೇ ಪೈಪು ಹಿಡಿದು ನೀರು ಬಿಟ್ಟರು. ನೀರು ಬಿಡಿಸಿದವರಿಗೆ ಶಾಲು, ಹಾರ. ನನಗೆ ಸಿಕ್ಕಿದ್ದು ‘ಬೇಜವಾಬ್ದಾರಿ ಗುತ್ತಿಗೆದಾರ’ ಎಂಬ ಬಿರುದು. ಇದನ್ನು ಬರೆಯಲು ಕೂತಾಗಲೂ ಮೈ ಉರಿಯುತ್ತಿದೆ. ತಣ್ಣಗಾದ ಮೇಲೆ ಬರೆಯೋಣ ಎಂದು ಕಾದರೆ ಈ ಜನ್ಮದಲ್ಲಿ ಬರೆಯುವುದಿಲ್ಲ.

ಒಳಾಂಗಣ ಆಟಗಳಿಗೆ ಮರದ ನೆಲ ಹಾಸುವುದು ನನ್ನ ಕಸುಬು. ಊರು ಬಾಗಲೂರು. ಆ ವರ್ಷ ಮಾವಿನ ಸುಗ್ಗಿ ಮುಗಿಯುತ್ತಿದ್ದ ಹಾಗೆ ಒಂದು ಫೋನು ಬಂತು. ಏಷ್ಯಾ ಮಟ್ಟದ ಪುರುಷರ ಫುಟ್ಸಾಲ್ ಟೂರ್ನಿಗೆ ಅರ್ಹತಾ ಪಂದ್ಯಗಳು ಹೊರದೇಶವೊಂದರಲ್ಲಿ ನಡೆಯಲಿದ್ದವು. ನಾಲ್ಕು ದೇಶಗಳ ಗುಂಪು, ನಮಗೆ ಮೂರು ಪಂದ್ಯ. ಹೊರಡುವ ಮುನ್ನ ತಂಡದ ಕೊನೆಯ ತರಬೇತಿ ಶಿಬಿರ ನಮ್ಮ ಕಡೆ, ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ, ಮಾವಿನ ತಿರುಳು ತೆಗೆಯುವ ಕಾರ್ಖಾನೆಯ ಗೋದಾಮಿನಲ್ಲಿ. ಕೇಳಿದವರು ನಗುತ್ತಾರೆ. ನಾನು ನಗಲಿಲ್ಲ. ಸುಗ್ಗಿ ಮುಗಿದು ತಿರುಳಿನ ಡ್ರಮ್ಮುಗಳೆಲ್ಲ ಹೊರಟುಹೋದ ಮೇಲೆ ಅಂಥ ಗೋದಾಮು ತಿಂಗಳುಗಟ್ಟಲೆ ಖಾಲಿ ಬಿದ್ದಿರುತ್ತದೆ. ಐವತ್ತು ಮೀಟರ್ ಉದ್ದ, ಇಪ್ಪತ್ತಾರು ಮೀಟರ್ ಅಗಲ, ನಡುವೆ ಒಂದೇ ಒಂದು ಕಂಬವಿಲ್ಲ. ನಲವತ್ತಕ್ಕೆ ಇಪ್ಪತ್ತರ ಅಂಗಣ ಸಲೀಸಾಗಿ ಕೂರುತ್ತದೆ. ಈ ಲೆಕ್ಕ ಹಾಕಿದವರಿಗೆ ನಾನು ಇವತ್ತಿಗೂ ಶಹಭಾಸ್ ಎನ್ನುತ್ತೇನೆ.

ಫುಟ್ಸಾಲ್ ಎಂದರೆ ಗೋಲ್‌ಕೀಪರೂ ಸೇರಿ ಒಂದು ಕಡೆಗೆ ಐದೇ ಜನ ಗಟ್ಟಿ ನೆಲದ ಮೇಲೆ ಆಡುವ ಕಾಲ್ಚೆಂಡಾಟ. ಚೆಂಡು ಚಿಕ್ಕದು, ಪುಟಿಯುವುದು ಕಮ್ಮಿ. ಆಟವೆಲ್ಲ ಅಂಗಾಲಿನಲ್ಲಿ: ಚೆಂಡನ್ನು ಬೂಟಿನ ಅಡಿಯಿಂದ ಒತ್ತಿ ನಿಲ್ಲಿಸಬೇಕು, ಉರುಳಿಸಬೇಕು, ಓಡುತ್ತಿದ್ದವನು ತಟ್ಟನೆ ನಿಂತು ತಿರುಗಬೇಕು. ನಮ್ಮಲ್ಲಿ ಬಾಡಿಗೆಗೆ ಸಿಗುವ ಸುತ್ತ ಬಲೆ ಕಟ್ಟಿದ ಪ್ಲಾಸ್ಟಿಕ್ ಹುಲ್ಲಿನ ಅಂಗಣದಲ್ಲಿ ಆಡುವುದನ್ನೇ ಫುಟ್ಸಾಲ್ ಎಂದುಕೊಂಡವರು ಹೆಚ್ಚು. ಅರ್ಹತಾ ಪಂದ್ಯಗಳು ಮರದ ನೆಲದ ಮೇಲೆ ನಡೆಯುವುದರಿಂದ ತರಬೇತಿಯೂ ಅದರ ಮೇಲೆಯೇ ಆಗಬೇಕು ಎಂದು ತಂಡದ ಕೋಚ್ ಹಟ ಹಿಡಿದಿದ್ದರು. ಉತ್ತರದ ಕಡೆಯವರು, ಮಾತು ಕಡಿಮೆ, ನನ್ನ ಹರುಕು ಹಿಂದಿಯನ್ನು ತಾಳ್ಮೆಯಿಂದ ಕೇಳುತ್ತಿದ್ದರು.

ಸ್ಥಳೀಯ ಏರ್ಪಾಡೆಲ್ಲ ಒಬ್ಬ ಕಾರ್ಯದರ್ಶಿಯ ಕೈಯಲ್ಲಿತ್ತು. ವೃತ್ತಿಯಲ್ಲಿ ಸೈಟು ಮಾರುವವರು, ಕ್ರೀಡಾ ಸಂಘವೊಂದರಲ್ಲಿ ಹುದ್ದೆ, ಎಲ್ಲೆಡೆ ಬ್ಯಾನರು. ನನಗೆ ಇಪ್ಪತ್ತು ದಿನ ಬೇಕು ಎಂದೆ. ಆಗಲಿ ಎಂದರು. ಮರುದಿನ ಫೋನು: “ಆಡಿ ತಿಂಗಳು ಮುಗೀಲಪ್ಪಾ. ಆಡಿಯಾಗೆ ಯಾರಾನಾ ಹೊಸ ಕೆಲಸಕ್ಕೆ ಕೈ ಹಾಕ್ತಾರಾ?” ನಮ್ಮ ಮನೆಯಲ್ಲಿ ಆಷಾಢ ಕಳೆದು ಶ್ರಾವಣವೂ ಬಂದಾಗಿತ್ತು. ಗಡಿಯಲ್ಲಿ ಬದುಕುವವರಿಗೆ ಕನ್ನಡದ್ದೊಂದು ತಮಿಳಿನದ್ದೊಂದು ಎರಡು ಪಂಚಾಂಗ, ಎರಡು ಕೆಟ್ಟ ತಿಂಗಳು. ಎಂಟು ದಿನ ಹೀಗೆ ಕೈಬಿಟ್ಟುಹೋಯಿತು. ಉಳಿದದ್ದು ಹನ್ನೆರಡು.

ನನ್ನ ಜೊತೆಗೆ ನಾಲ್ವರು ಕೆಲಸಗಾರರು ಮತ್ತು ಮೇಸ್ತ್ರಿ. ಮೇಸ್ತ್ರಿ ನನಗಿಂತ ಹನ್ನೆರಡು ವರ್ಷ ದೊಡ್ಡವರು, ನಾನು ಮಾಮ ಎನ್ನುತ್ತೇನೆ, ಅವರು ನನ್ನನ್ನು ಏಕವಚನದಲ್ಲೇ ಮಾತಾಡಿಸುತ್ತಾರೆ. ಮೊದಲ ದಿನ ಇಬ್ಬರೂ ಗೋದಾಮಿನ ಸಿಮೆಂಟು ನೆಲದ ಮೇಲೆ ಆರು ಕಡೆ ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕೂ ಅಂಚಿಗೆ ಟೇಪು ಒತ್ತಿ ಬಿಟ್ಟೆವು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಆರರಲ್ಲಿ ಐದು ಹಾಳೆಯ ಅಡಿಗೆ ಬೆವರು. ವರ್ಷ ವರ್ಷ ಸುಗ್ಗಿಯಲ್ಲಿ ತೊಳೆದೂ ತೊಳೆದೂ ಆ ನೆಲ ನೀರು ಕುಡಿದಿತ್ತು. ತಿರುಳು ಒಂದು ಹನಿ ಚೆಲ್ಲಿದರೂ ಕೂಡಲೇ ಪೈಪು ಹಿಡಿದು ತೊಳೆಯುವುದು ಅಲ್ಲಿನ ಕಟ್ಟುಪಾಡು. ಇಲ್ಲದಿದ್ದರೆ ನೊಣ, ಹುಳಿ ನಾತ. ಅದಕ್ಕಾಗಿಯೇ ಇಡೀ ನೆಲ ಉತ್ತರದ ಗೋಡೆಯ ಕಡೆಗೆ ಇಳಿಜಾರಾಗಿತ್ತು, ಆ ಗೋಡೆಯ ಬುಡದಲ್ಲಿ ಚರಂಡಿ.

ಕೆಳಗಿನ ತೇವ ಮೇಲೆ ಬರದಂತೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಎರಡು ಪದರ ಹಾಸಿ, ಒಂದರ ಮೇಲೊಂದು ಒಂದಡಿ ಹತ್ತುವಂತೆ ಜೋಡಿಸಿ, ಅಂಚುಗಳನ್ನು ಗೋಡೆಗೆ ಮೇಲಕ್ಕೆ ಮಡಚಿ ಅಂಟಿಸಿದೆವು. ಅದರ ಮೇಲೆ ರಬ್ಬರ್ ಬಿಲ್ಲೆಗಳು. ಇಳಿಜಾರು ಸರಿದೂಗಲು ಉತ್ತರದ ಕಡೆ ಬಿಲ್ಲೆಯ ಅಡಿಗೆ ಪಟ್ಟಿ ಕೊಟ್ಟು ಎತ್ತರಿಸುತ್ತ ಹೋದೆವು. ಆಮೇಲೆ ಅಡ್ಡಕ್ಕೊಂದು ಉದ್ದಕ್ಕೊಂದು ಪ್ಲೈವುಡ್. ಎಲ್ಲದರ ಮೇಲೆ ಏಳು ಸೆಂಟಿಮೀಟರ್ ಅಗಲದ ಹಲಗೆ, ಒಂದರ ಅಂಚಿನ ನಾಲಿಗೆ ಇನ್ನೊಂದರ ಅಂಚಿನ ತೋಡಿನಲ್ಲಿ ಕೂರುವಂಥದ್ದು. ಹಲಗೆಯ ಕಟ್ಟುಗಳನ್ನು ಬಿಚ್ಚಿ ಐದು ದಿನ ಗೋದಾಮಿನ ಗಾಳಿಗೇ ಇಟ್ಟಿದ್ದೆ, ಮರ ಆ ಜಾಗದ ಹವೆಗೆ ಒಗ್ಗಿಕೊಳ್ಳಲಿ ಎಂದು. ಗೋಡೆಯ ಪಕ್ಕ ಎರಡು ಬೆರಳು ಜಾಗ ಬಿಟ್ಟೆವು, ಮರ ಉಸಿರಾಡಬೇಕಲ್ಲ. ತೇವ ಅಳೆಯುವ ಮೀಟರು ಚುಚ್ಚಿದರೆ ಎಲ್ಲ ಕಡೆ ಶೇಕಡಾ ಒಂಬತ್ತು, ಹತ್ತು, ಅಷ್ಟಿದ್ದರೆ ಮರ ನೆಟ್ಟಗಿರುತ್ತದೆ. ನನ್ನ ಕೈಯಿಂದ ಅದಕ್ಕಿಂತ ಒಳ್ಳೆಯ ನೆಲ ಆಗಿಲ್ಲ, ಇದನ್ನು ಜಂಬದಿಂದಲೇ ಹೇಳುತ್ತೇನೆ.

ಗೆರೆ ಹಾಕುವ ದಿನ ಒಬ್ಬ ಬಾಗಿಲಲ್ಲಿ ಬೂಟು ಬಿಚ್ಚಿಟ್ಟು, ಸಾಕ್ಸಿನಲ್ಲೇ ಒಳಗೆ ಬಂದ. ಶಿಬಿರಕ್ಕೆ ಆಯ್ಕೆಯಾದ ಇಪ್ಪತ್ತು ಜನರಲ್ಲಿ ನಮ್ಮ ಕಡೆಯವನು ಅವನೊಬ್ಬನೇ. ಊರು ತಳಿಯ ಹತ್ತಿರದ ಹಳ್ಳಿ, ವಯಸ್ಸು ಇಪ್ಪತ್ತೊಂಬತ್ತು. ಹೊಸೂರಿನಲ್ಲಿ ಬೈಕಿನ ಬಿಡಿಭಾಗ ಮಾಡುವ ಕಾರ್ಖಾನೆಯ ಪ್ರೆಸ್ ವಿಭಾಗದಲ್ಲಿ ಕಾಂಟ್ರ್ಯಾಕ್ಟ್ ಕೆಲಸಗಾರ. ಆಟ ಕಲಿತದ್ದು ಲಾರಿಗೆ ಮಾಲು ತುಂಬುವ ಸಿಮೆಂಟಿನ ಅಂಗಳದಲ್ಲಿ, ಊಟದ ಬಿಡುವಿನಲ್ಲಿ, ಕಾರ್ಖಾನೆ ಕಾರ್ಖಾನೆಗಳ ನಡುವಿನ ಪಂದ್ಯಗಳಲ್ಲಿ. ಹುಲ್ಲಿನ ಮೇಲೆ ಕಲಿತವರಿಗೆ ಬಾರದ ಅಂಗಾಲಿನ ಆಟ ಅವನಿಗೆ ಅದರಿಂದಲೇ ಬಂದಿತ್ತು. ತನ್ನ ಚೆಂಡನ್ನು ಹಲಗೆಯ ಮೇಲೆ ಮೆಲ್ಲಗೆ ಉರುಳಿಸಿ ಅಂಗಾಲಿಂದ ಒತ್ತಿ ಹಿಡಿದ.

“ಅಣ್ಣ, ಸಿಮೆಂಟಿನ್ ಥರ ಜಾರ್ಕೊಂಡ್ ಹೋಗಲ್ಲ ಇದು. ಹೇಳಿದ್ ಕಡೆ ನಿಂತ್ಕೊತದೆ” ಎಂದ.

ಎಡಗಡೆಯ ಗೆರೆಯುದ್ದಕ್ಕೂ ಆಡುವವನು ಅವನು. ಇಪ್ಪತ್ತರಲ್ಲಿ ಹದಿನಾಲ್ಕು ಜನ ಹೊರದೇಶಕ್ಕೆ ಹೋಗುವುದು. ಹನ್ನೆರಡು ಹೆಸರು ಮೊದಲೇ ಗಟ್ಟಿಯಾಗಿದ್ದವು. ಉಳಿದ ಎರಡು ಜಾಗಕ್ಕೆ ಎಂಟು ಮಂದಿ, ಅದರಲ್ಲಿ ಇವನೊಬ್ಬ. ಶಿಬಿರದ ಏಳನೆಯ ದಿನ ನಲವತ್ತು ನಿಮಿಷದ ಆಯ್ಕೆ ಪಂದ್ಯ, ಅದನ್ನು ನೋಡಿ ಕೋಚ್ ತೀರ್ಮಾನಿಸುತ್ತಾರೆ, ಮರುದಿನವೇ ಹೆಸರು ಕಳಿಸಬೇಕು. ಕಾಂಟ್ರ್ಯಾಕ್ಟಿನವನಿಗೆ ಅಷ್ಟು ದಿನ ರಜೆ ಯಾರು ಕೊಡುತ್ತಾರೆ? ಕೆಲಸ ಬಿಟ್ಟೇ ಬಂದಿದ್ದ.

“ಇನ್ನೊಂದ್ ಕಿತ ಈ ಟೂರ್ನಿ ಬರೋಷ್ಟ್ರಲ್ಲಿ ನಂಗೆ ಮೂವತ್ತು ದಾಟಿರ್ತದೆ. ಈಗ ಆಗ್ಲಿಲ್ಲ ಅಂದ್ರೆ ಇನ್ನಾಗಲ್ಲ ಅಣ್ಣ” ಎಂದ. ಅಳುಮುಂಜಿ ಮಾತಲ್ಲ, ಶಿಫ್ಟಿನ ಸಮಯ ಹೇಳುವವನ ಹಾಗೆ ಹೇಳಿದ.

ಪೂಜೆಯ ವಿಷಯ ಕಾರ್ಯದರ್ಶಿಯ ಬಳಿ ಮೊದಲೇ ಮಾತಾಡಿದ್ದೆ. ಹೊಸೂರಿನ ಯಾವ ಕಾರ್ಖಾನೆಯಲ್ಲೂ ಹೊಸ ಯಂತ್ರ ಬಂದರೆ ಬೂದುಗುಂಬಳಕಾಯಿಗೆ ತೂತು ಕೊರೆದು ಕುಂಕುಮ ತುಂಬಿ ಒಡೆಯದೆ ಸ್ವಿಚ್ಚು ಒತ್ತುವುದಿಲ್ಲ. ನನಗೂ ಅದರಲ್ಲಿ ತಕರಾರಿಲ್ಲ, ನನ್ನ ಗಾಡಿಗೂ ಮಾಡಿಸುತ್ತೇನೆ. ಹೊಸಿಲಿನ ಆಚೆ, ಸಿಮೆಂಟಿನ ಮೇಲೆ ಒಡೆಯಿರಿ, ಮರದ ಮೇಲೆ ಒಂದು ಹೂವಿನ ಎಸಳೂ ಬೇಡ ಎಂದು ಬಿಡಿಸಿ ಹೇಳಿದ್ದೆ. “ಆಯ್ತಪ್ಪಾ, ನೀನು ಹೇಳ್ದಂಗೇ” ಎಂದಿದ್ದರು.

ತಂಡ ಬರುವ ದಿನ ಬೆಳಿಗ್ಗೆ ಗೋಲುಪೆಟ್ಟಿಗೆ ನೆಲಕ್ಕೆ ಬಿಗಿಯುವ ಕೊಂಡಿಗಳು ಸರಿ ಕೂರಲಿಲ್ಲ. ಮೂರು ಮೀಟರ್ ಅಗಲದ ಕಬ್ಬಿಣದ ಚೌಕಟ್ಟು ಆಟದ ನಡುವೆ ಯಾರ ಮೇಲಾದರೂ ಮಗುಚಿದರೆ ತಲೆ ಒಡೆಯುತ್ತದೆ. ಕೊಂಡಿ ತಿದ್ದಿಸಿಕೊಂಡು ಬರಲು ಹೊಸೂರಿನ ಲೇತ್ ಅಂಗಡಿಗೆ ಹೋದೆ. ವಾಪಸು ಬರುವಾಗ ಹನ್ನೊಂದು ಗಂಟೆ. ಗೋದಾಮಿನ ಹೊರಗೆ ನಾಗಸ್ವರದ ರೆಕಾರ್ಡು, ಹತ್ತಾರು ಕಾರು. ಒಳಗೆ ಕಾಲಿಟ್ಟೆ. ಅಂಗಣದ ಮೇಲೆ ನೀರು ಹೊಳೆಯುತ್ತಿತ್ತು.

ನಡುವೃತ್ತದಲ್ಲಿ, ಆಟ ಶುರುಮಾಡುವ ಆ ಬಿಳಿ ಚುಕ್ಕೆಯ ಮೇಲೆಯೇ, ಕುಂಬಳಕಾಯಿ ಒಡೆದಿದ್ದರು. ಕುಂಕುಮದ ಕೆಂಪು ನೀರು ನಾಲ್ಕು ಕಡೆಗೂ ಚಿಮ್ಮಿತ್ತು. ಅದನ್ನು ಕಂಡ ಕಾರ್ಯದರ್ಶಿ ಫೋಟೋಗೆ ಚೆನ್ನಾಗಿ ಕಾಣದು ಎಂದು ಕಾರ್ಖಾನೆಯ ತೊಳೆಯುವ ಹೆಂಗಸರನ್ನು ಕೂಗಿದ್ದರು. ಅವರು ಸುಗ್ಗಿಯಲ್ಲಿ ಮಾಡುವುದನ್ನೇ ಮಾಡಿದ್ದರು: ಗೋಡೆಯ ಪೈಪು ಬಿಚ್ಚಿ, ಜೋರಾಗಿ ನೀರು ಬಿಟ್ಟು, ರಬ್ಬರ್ ಪಟ್ಟಿಯ ಉದ್ದನೆಯ ಕೋಲಿನಲ್ಲಿ ಎಲ್ಲವನ್ನೂ ಉತ್ತರದ ಗೋಡೆಯ ಚರಂಡಿಯ ಕಡೆಗೆ ನೂಕಿದ್ದರು. ಆ ಚರಂಡಿ ನನ್ನ ನೆಲದ ಅಡಿಯಲ್ಲಿತ್ತು. ನೀರೆಲ್ಲ ಗೋಡೆಯ ಪಕ್ಕ ಬಿಟ್ಟ ಎರಡು ಬೆರಳಿನ ಜಾಗದಿಂದ ಒಳಗಿಳಿದಿತ್ತು. ನನ್ನನ್ನು ನೋಡಿ ಅವರಲ್ಲಿ ಹಿರಿಯಾಕೆ, “ಕೆಂಪುಗಾಗಿತ್ತು ಸಾರ್, ತೊಳ್ದು ಕ್ಲೀನಾಗಿಟ್ಟಿದೀವಿ. ಅದೇ ನಮ್ ವೇಲೆ, ನಮ್ ಕೆಲ್ಸ ಅಲ್ವಾ” ಎಂದಳು. ಆಕೆಗೆ ಏನು ಹೇಳುವುದು? ಆ ಗೋದಾಮಿನಲ್ಲಿ ಅವತ್ತು ತನ್ನ ಕೆಲಸವನ್ನು ನೆಟ್ಟಗೆ ಮಾಡಿದವಳು ಆಕೆಯೊಬ್ಬಳೇ.

ಮೇಸ್ತ್ರಿ ಮೂಲೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು. “ಬೇಡ ಬೇಡ ಅಂತ ಬಾಯ್ ಬಡ್ಕೊಂಡೆ ಕಣ್ಲಾ. ನೀನ್ಯಾವನಯ್ಯಾ ಅಡ್ಡ ಬರಕ್ಕೆ ಅಂದ್ಬುಟ್ರು” ಎಂದರು.

ಪಿತ್ತ ನೆತ್ತಿಗೇರಿತು. ಹಾರ ಹಾಕಿಕೊಂಡು ನಿಂತಿದ್ದ ಕಾರ್ಯದರ್ಶಿಯ ಮುಂದೆ ಹೋಗಿ, ಹೊರಗೆ ಒಡೆಯುತ್ತೇವೆ ಎಂದವರು ಒಳಗೆ ಯಾಕೆ ಒಡೆದಿರಿ ಎಂದು ಕೇಳಿದೆ.

“ದೊಡ್ಡೋರು ಬಂದವ್ರೆ, ಹೊಸ ಕೆಲಸ, ದೃಷ್ಟಿ ತೆಗೀದೆ ಇರಕ್ಕಾಯ್ತದಾ? ಬಾಗ್ಲಾಗ್ ಒಡುದ್ರೆ ಬಾಗ್ಲಿಗ್ ಆಯ್ತದೆ, ಆಟಕ್ಕೆ ಹೆಂಗಪ್ಪಾ ಆಯ್ತದೆ?”

“ನೀರು ಯಾಕೆ ಬಿಡ್ಸಿದ್ರಿ?”

“ನೆಲ ಅಲ್ವೇನಪ್ಪಾ. ತೊಳುದ್ರೆ ಒಣಗ್ತದೆ. ಸುಮ್ಕಿರು, ನೋಡ್ತಾವ್ರೆ.”

ಒಣಗುತ್ತದಂತೆ. ಮೇಲಿನ ನೀರನ್ನು ನಾವು ಗೋಣಿಚೀಲದಲ್ಲಿ ಒರೆಸಿದೆವು, ಗರಗಸದ ಪುಡಿ ಚೆಲ್ಲಿ ಎಳೆದೆವು, ಎಂಟು ಪೆಡೆಸ್ಟಲ್ ಫ್ಯಾನು ತರಿಸಿ ಹಚ್ಚಿದೆವು. ಅಡಿಗೆ ಇಳಿದದ್ದನ್ನು ಏನು ಮಾಡುವುದು? ಕೆಳಗಿನ ತೇವ ಮೇಲೆ ಬರದಿರಲಿ ಎಂದು ನಾನೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಈಗ ಮೇಲಿಂದ ಬಂದ ನೀರನ್ನು ತೊಟ್ಟಿಯ ಹಾಗೆ ಹಿಡಿದಿಟ್ಟುಕೊಂಡಿತ್ತು. ಎಷ್ಟು ಚೆನ್ನಾಗಿ ಕೆಲಸ ಮಾಡಿದ್ದೆನೋ ಅಷ್ಟು ಚೆನ್ನಾಗಿ ನೀರು ನಿಂತಿತ್ತು.

ಕೋಚ್ ಎಲ್ಲ ಕೇಳಿಸಿಕೊಂಡು, ಒಣಗಿದ ದಕ್ಷಿಣದ ಅರ್ಧದಲ್ಲಿ ಮಾತ್ರ ಅಭ್ಯಾಸ ಮಾಡಿಸಲು ಶುರುಮಾಡಿದರು. ಉತ್ತರದ ಗೆರೆಯ ಪಕ್ಕ ಹಗ್ಗ ಕಟ್ಟಿದೆವು. ನಾನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೀಟರು ಚುಚ್ಚುತ್ತಿದ್ದೆ. ಎರಡನೆಯ ದಿನ ಹದಿನಾಲ್ಕು. ಮೂರನೆಯ ದಿನ ಹತ್ತೊಂಬತ್ತು. ಅಡಿಯಿಂದ ನೀರು ಕುಡಿದ ಹಲಗೆಯ ಹೊಟ್ಟೆ ಉಬ್ಬುತ್ತದೆ, ಮೇಲ್ಮೈ ಒಣಗಿಯೇ ಇರುತ್ತದೆ. ಆಗ ಎರಡೂ ಅಂಚು ಮೇಲೆದ್ದು ಪ್ರತಿ ಹಲಗೆ ಬಾಳೆದೊನ್ನೆಯ ಹಾಗೆ ನಡುವೆ ತಗ್ಗುತ್ತದೆ. ನೇರ ಪಟ್ಟಿ ಇಟ್ಟು ನೋಡಿದರೆ ಅಡಿಯಲ್ಲಿ ಹ್ಯಾಕ್ಸಾ ಬ್ಲೇಡು ಸಲೀಸಾಗಿ ತೂರುತ್ತಿತ್ತು. ನಾಲ್ಕನೆಯ ದಿನಕ್ಕೆ ಎರಡು ಬ್ಲೇಡು. ನಿಂತು ನೋಡಿದವರಿಗೆ ಏನೂ ಕಾಣುವುದಿಲ್ಲ. ಓಡಿ ಬಂದು ಬೂಟಿನ ಅಂಚಿನಲ್ಲಿ ನಿಲ್ಲುವವನ ಕಾಲು ಸಿಕ್ಕಿಕೊಳ್ಳಲು ಅದು ಸಾಕು.

ನಾಲ್ಕನೆಯ ದಿನ ಸಂಜೆ ಅದೇ ಆಯಿತು. ಆಟದ ಭರದಲ್ಲಿ ತಳಿಯವನು ಹಗ್ಗ ದಾಟಿ ಚೆಂಡಿನ ಹಿಂದೆ ಹೋದ, ಗೆರೆಯ ಹತ್ತಿರ ತಟ್ಟನೆ ನಿಂತು ತಿರುಗಿದ, ಮೈ ತಿರುಗಿತು, ಕಾಲು ತಿರುಗಲಿಲ್ಲ. ಬಿದ್ದ. ಅವನು ಎದ್ದು ಬೂಟು ಕೊಡವಿ, “ಏನಿಲ್ಲ ಅಣ್ಣ, ನಾನೇ ಕಾಲ್ ಎತ್ತಲಿಲ್ಲ” ಎಂದು ಓಡಿದ. ಅಭ್ಯಾಸ ಮುಗಿದ ಮೇಲೆ ಹಿಂದಿನ ನಲ್ಲಿಯ ಬಳಿ ನೋಡುತ್ತೇನೆ, ಬಕೆಟ್ಟಿನ ಐಸಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದಾನೆ. ಹಿಮ್ಮಡಿಯ ಮೇಲೆ ನಿಂಬೆ ಗಾತ್ರದ ಊತ. ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. “ಕೋಚ್‌ಗೆ ಹೇಳ್ಬೇಡಿ. ಪಟ್ಟಿ ಕಟ್ಕೊಂಡ್ರೆ ನಡೀತದೆ.” ನಾನು ಹೇಳಲಿಲ್ಲ.

ಐದನೆಯ ದಿನ ಕಾರ್ಯದರ್ಶಿಗೆ ಹೇಳಿದೆ: ಉತ್ತರದ ನಾಲ್ಕು ಮೀಟರ್ ಬಿಚ್ಚಿ, ನೀರು ತೆಗೆದು, ಒಣಗಿಸಿ ಮತ್ತೆ ಹಾಸಲು ಎಂಟು ದಿನ ಬೇಕು. ಆಯ್ಕೆ ಪಂದ್ಯ ಈ ನೆಲದ ಮೇಲೆ ಬೇಡ. ಪಂದ್ಯಕ್ಕೆ ಎರಡೇ ದಿನ ಉಳಿದಿತ್ತು, ಅತಿಥಿಗಳ ಹೆಸರಿರುವ ಬ್ಯಾನರು ಹೆದ್ದಾರಿಯಲ್ಲಿ ಆಗಲೇ ನೇತಾಡುತ್ತಿತ್ತು. ಮೇಲೆದ್ದ ಅಂಚನ್ನು ಮಷೀನಿನಲ್ಲಿ ಉಜ್ಜಿ ಸಮ ಮಾಡು ಎಂದರು. ಒದ್ದೆ ಹಲಗೆಯನ್ನು ಉಜ್ಜಿದರೆ ಒಣಗಿದ ಮೇಲೆ ನಡುವೆ ಉಬ್ಬುತ್ತದೆ, ನೆಲ ಶಾಶ್ವತವಾಗಿ ಹಾಳು ಎಂದೆ. “ಆಮೇಲಿಂದು ಆಮೇಲೆ” ಎಂದರು. ಇಪ್ಪತ್ತು ಜನರ ಕಾಲು ಆ ನೆಲದ ಮೇಲಿತ್ತು, ಈ ಮನುಷ್ಯನಿಗೆ ಬ್ಯಾನರು ಮುಖ್ಯವಾಗಿತ್ತು.

ಆರನೆಯ ದಿನ ಬೆಳಿಗ್ಗೆ ಒಂದು ಟೈಪಾದ ಕಾಗದ ಹಿಡಿದುಕೊಂಡು ಬಂದರು. ನೆಲವನ್ನು ಪರೀಕ್ಷಿಸಿದ್ದೇನೆ, ಪಂದ್ಯಕ್ಕೆ ಯೋಗ್ಯವಾಗಿದೆ ಎಂದು ನನ್ನ ಹೆಸರಿನಲ್ಲಿ ಬರೆದಿತ್ತು. ಮೇಲಿನವರಿಗೆ ಕಳಿಸ್ಬೇಕು, ಸಹಿ ಹಾಕು ಎಂದರು. ಅಂದರೆ ಯಾರಿಗಾದರೂ ಮಂಡಿ ಚಿಪ್ಪು ಹೋದರೆ ಕುಂಬಳಕಾಯಿಯೂ ಇಲ್ಲ, ಪೈಪೂ ಇಲ್ಲ, ನಾನೊಬ್ಬನೇ. ಆಗುವುದಿಲ್ಲ ಎಂದೆ. “ನೀನಲ್ದಿದ್ರೆ ಇನ್ನೊಬ್ಬ ಹಾಕ್ತಾನೆ. ಹೊಸೂರಾಗೆ ಟೈಲ್ಸ್ ಹಾಕೋರಿಗೇನು ಬರವಾ?” ಎಂದು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಕಾರು ಹತ್ತಿದರು.

ಅವರು ತಮಾಷೆಗೆ ಹೇಳಿದ್ದಲ್ಲ. ಮಧ್ಯಾಹ್ನದೊಳಗೆ ಒಬ್ಬನನ್ನು ಹಿಡಿದು ತರುತ್ತಿದ್ದರು. ಸಮಯ ಹತ್ತು ಗಂಟೆ, ತಂಡ ತಿಂಡಿ ಮುಗಿಸಿ ಹೋಟೆಲಿನಲ್ಲಿ ವಿಶ್ರಾಂತಿಯಲ್ಲಿತ್ತು, ಗೋದಾಮಿನಲ್ಲಿ ನಾವು ಆರೇ ಜನ. ನಾನು ಮೇಸ್ತ್ರಿಗೆ ಹೇಳಿದೆ: “ಮಾಮ, ಗಡಾರಿ ತಗೊಳ್ಳಿ.”

“ಯೋಚ್ನೆ ಮಾಡಿದ್ಯೇನ್ಲಾ?”

“ಮಾಡಿದೀನಿ.”

ಮಾಡಿದ್ದೆ, ಆದರೆ ಅರ್ಧ. ಅದು ಆಗ ಗೊತ್ತಾಗಲಿಲ್ಲ.

ಉತ್ತರದ ಗೋಡೆಯ ಅಂಚುಪಟ್ಟಿ ಕಿತ್ತು, ಅಲ್ಲಿಂದ ಸಾಲು ಸಾಲಾಗಿ ಹಲಗೆ ಎಬ್ಬಿಸುತ್ತ ಬಂದೆವು. ಓರೆಯಾಗಿ ಹೊಡೆದ ಮೊಳೆ ಬಿಡುವಾಗ ಮರ ಕಿರುಗುಡುತ್ತದೆ. ನನ್ನ ಕೈಯಾರೆ ಹೊಡೆದ ಮೊಳೆಯನ್ನು ನನ್ನ ಕೈಯಾರೆ ಕಿತ್ತೆ. ನಲವತ್ತಮೂರನೆಯ ಸಾಲಿಗೆ ಗೆರೆ ಹೋಯಿತು. ನಲವತ್ತೊಂಬತ್ತಕ್ಕೆ ಆಟಗಾರರನ್ನು ಬದಲಿಸುವ ಜಾಗದ ಗುರುತುಗಳೂ ಹೋದವು. ಪ್ಲೈವುಡ್ ಎತ್ತಿದರೆ ಅಡಿ ಕಪ್ಪಾಗಿತ್ತು, ಪ್ಲಾಸ್ಟಿಕ್ಕಿನ ಮೇಲೆ ಆರು ದಿನದ ನೀರು ಹಾಗೇ ನಿಂತಿತ್ತು, ಅದರಲ್ಲಿ ಕುಂಕುಮದ ಕೆಂಪು. ಮೇಸ್ತ್ರಿ ಅದರಲ್ಲಿ ಬೆರಳದ್ದಿ ನೋಡಿ ಲುಂಗಿಗೆ ಒರೆಸಿಕೊಂಡರು.

ಕಾರ್ಯದರ್ಶಿ ಬರುವಷ್ಟರಲ್ಲಿ ಐವತ್ತು ಸಾಲು ಎದ್ದಿತ್ತು. “ಯಾರಪ್ಪನ್ ಸ್ವತ್ತು ಅಂತ ಕೀಳ್ತಾ ಇದೀಯಾ?” ಎಂದು ಕೂಗಾಡಿದರು. ಸಹಿ ಬೇಕು ಅಂದ್ರಲ್ಲ, ಇದೇ ನನ್ನ ಸಹಿ ಎಂದೆ. ಸಿನಿಮಾದವರ ಮಾತಿನ ಹಾಗಿತ್ತು. ಹೇಳುವಾಗ ಬಹಳ ಹಿತವಾಗಿತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ. ಅವರ ಹಿಂದೆ ಬಂದ ಟೈಲ್ಸಿನವನು ಹಳ್ಳವನ್ನು ನೋಡಿ ಬಂದ ದಾರಿಯಲ್ಲೇ ಹೋದ.

ಆಮೇಲೆ ಕೋಚ್ ಬಂದರು. ಹಳ್ಳದ ಅಂಚಿನಲ್ಲಿ ಕೂತು ಒಂದು ಹಲಗೆ ಎತ್ತಿ ತಿರುಗಿಸಿ ನೋಡಿದರು. ನಾನು ಶಹಭಾಸ್‌ಗಾಗಿ ಕಾಯುತ್ತಿದ್ದೆ ಎಂದರೆ ಸುಳ್ಳಲ್ಲ. ಅವರು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು: “ನೀವು ಮಾಡಿದ್ದು ತಪ್ಪು ಎನ್ನುವುದಿಲ್ಲ. ಆದರೆ ಈ ನೆಲದ ಮೇಲೆ ಪಂದ್ಯ ಆಗದು ಎಂದು ನನಗೆ ನಿನ್ನೆಯೇ ಹೇಳಿದ್ದರೆ ಬೆಂಗಳೂರಿನಲ್ಲಿ ಒಂದು ಕೋರ್ಟು ಹುಡುಕುತ್ತಿದ್ದೆ. ಇವತ್ತೂ ಹುಡುಕುತ್ತೇನೆ, ಆದರೆ ಸಿಗಲಿಕ್ಕಿಲ್ಲ.” ಸಂಜೆಯವರೆಗೆ ಫೋನು ಮಾಡಿದರು. ಸಿಗಲಿಲ್ಲ.

ಹಿಂದಿನ ದಿನ ನಾನು ಅವರ ಹತ್ತಿರ ಹೋಗಿರಲಿಲ್ಲ. ಕಾರ್ಯದರ್ಶಿಯ ಜೊತೆ ಜಗಳವಾಡುತ್ತಿದ್ದೆ. ಸಿಟ್ಟು ಬಂದವನಿಗೆ ಎದುರಿಗಿರುವ ಒಬ್ಬನೇ ಕಾಣುತ್ತಾನೆ.

ಏಳನೆಯ ದಿನ ಅತಿಥಿಗಳನ್ನು ಬಾಗಲೂರು ರಸ್ತೆಯ ಪ್ಲಾಸ್ಟಿಕ್ ಹುಲ್ಲಿನ ಅಂಗಣಕ್ಕೆ ಕರೆದೊಯ್ದರು. ಅವರು ಚೆಂಡಿಗೆ ಒಂದೊಂದು ಒದೆ ಕೊಟ್ಟರು, ಫೋಟೋ ಆಯಿತು, ಕಾರ್ಯದರ್ಶಿಗೆ ಶಾಲು ಹೊದಿಸಿದರು. ಹುಲ್ಲಿನ ಮೇಲೆ ಆಯ್ಕೆ ಪಂದ್ಯ ಆಡಿಸಲು ಕೋಚ್ ಒಪ್ಪಲಿಲ್ಲ. ಅದನ್ನು ನೋಡಿ ಏನೂ ಹೇಳಲಾಗದು ಎಂದರು. ಸರಿಯೇ. ಮರುದಿನ ಹೆಸರು ಕಳಿಸಲೇಬೇಕಿತ್ತು. ಹಳೆಯ ಕಡತದಲ್ಲಿ ಯಾರು ಹೆಚ್ಚು ಆಡಿದ್ದಾರೆ ಎಂದು ನೋಡಿ ಕೊನೆಯ ಎರಡು ಹೆಸರು ತುಂಬಿದರು. ಲಾರಿ ಅಂಗಳದ ಪಂದ್ಯಗಳಿಗೆ ಕಡತವಿರುವುದಿಲ್ಲ. ತಳಿಯವನು ಹದಿನೈದನೆಯವನಾದ. ಹದಿನೈದನೆಯವನು ವಿಮಾನ ಹತ್ತುವುದಿಲ್ಲ.

ಸಂಘದ ವರದಿಯಲ್ಲಿ ಗುತ್ತಿಗೆದಾರ ಪಂದ್ಯದ ಹಿಂದಿನ ದಿನ ಅಂಗಣವನ್ನು ಕಿತ್ತುಹಾಕಿದ್ದರಿಂದ ಆಯ್ಕೆ ಪಂದ್ಯ ರದ್ದಾಯಿತು ಎಂದು ಬರೆದರು. ಒಂದು ಅಕ್ಷರವೂ ಸುಳ್ಳಲ್ಲ. ಮೊದಲ ದಿನದ ನೀರಿನ ಬಗ್ಗೆ ಒಂದು ಅಕ್ಷರವೂ ಇಲ್ಲ. ಅದನ್ನು ಓದಿ ನಾನು ಎದುರಿಗೆ ಸಿಕ್ಕವರಿಗೆಲ್ಲ ಬಾಯಿಗೆ ಬಂದಂತೆ ಬೈದೆ, ನನ್ನ ಹೆಂಡತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಅರ್ಹತಾ ಪಂದ್ಯಗಳನ್ನು ಬೇರೊಂದು ಕೆಲಸದ ಜಾಗದಲ್ಲಿ, ಮೇಸ್ತ್ರಿಯ ಫೋನಿನಲ್ಲಿ ನೋಡಿದೆವು. ಎರಡು ಸೋತರು, ಒಂದು ಗೆದ್ದರು, ಅರ್ಹತೆ ಸಿಗಲಿಲ್ಲ. ಎಡಗಡೆ ಆಡಿದವನು ಕೆಟ್ಟದಾಗೇನೂ ಆಡಲಿಲ್ಲ. ತಳಿಯವನು ಇದ್ದಿದ್ದರೆ ಗೆಲ್ಲುತ್ತಿದ್ದೆವು ಎಂದು ಹೇಳಲು ನನಗೆ ಯಾವ ಆಧಾರವೂ ಇಲ್ಲ. ಮೇಸ್ತ್ರಿ ಮಾತ್ರ ಪ್ರತಿ ಗೋಲಿಗೂ ನನ್ನ ಮುಖ ನೋಡುತ್ತಿದ್ದರು.

ಅದಾಗಿ ಒಂದು ವಾರಕ್ಕೆ ಹೊಸೂರು ಬಸ್ ನಿಲ್ದಾಣಕ್ಕೆ ಹೋದೆ. ಮೊದಲ ಶಿಫ್ಟು ಮುಗಿಸಿ ಅವನು ತಳಿ ಬಸ್ಸು ಹಿಡಿಯುತ್ತಾನೆ ಎಂದು ಯಾರೋ ಹೇಳಿದ್ದರು. ಹಳೆಯ ಕಾರ್ಖಾನೆಯೇ ಮತ್ತೆ ಸೇರಿಸಿಕೊಂಡಿತ್ತು, ಹೊಸಬನೆಂದು. ಕೈಯಲ್ಲಿ ಊಟದ ಡಬ್ಬಿ, ಕೈಬೆರಳಲ್ಲಿ ಗ್ರೀಸು. ಕಾಲು ಹೇಗಿದೆ ಎಂದು ಕೇಳಿದೆ. ಚೆನ್ನಾಗಿದೆ ಎಂದ. ಟೀ ತಂದೆ. ನಾನು ಮನೆಯಿಂದಲೇ ಜೋಡಿಸಿಕೊಂಡು ಬಂದಿದ್ದನ್ನೆಲ್ಲ ಹೇಳಿದೆ: ಹತ್ತೊಂಬತ್ತರ ತೇವ, ಎರಡು ಬ್ಲೇಡಿನ ಅಂಚು, ಆ ಗೆರೆಯ ಪಕ್ಕ ನಲವತ್ತು ನಿಮಿಷ ಆಡಿದ್ದರೆ ಅವನ ಮಂಡಿ ಉಳಿಯುತ್ತಿರಲಿಲ್ಲ, ಆ ಕಾರ್ಯದರ್ಶಿ ಎಂಥ ಮನುಷ್ಯ. ಅವನು ನಡುವೆ ಬಾಯಿ ಹಾಕದೆ ಕೇಳಿದ. ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗಿ ಮನೆಗೆ ಹೋಗುತ್ತಿದ್ದೆ.

“ನೀವ್ ಹೇಳೋದೆಲ್ಲಾ ಸರಿ ಅಣ್ಣ” ಎಂದ. “ಕಾಲು ನಂದಲ್ವಾ? ಮುರುದ್ರೆ ನಂದೇ ಮುರೀತಿತ್ತು. ಕೀಳೋಕ್ ಮುಂಚೆ ನನ್ನ ಒಂದ್ ಮಾತು ಕೇಳ್ಬೋದಿತ್ತು.”

“ಕೇಳಿದ್ದಿದ್ರೆ ಏನಂತಿದ್ದೆ?”

“ಆಡ್ತೀನಿ ಅಂತಿದ್ದೆ. ಇನ್ನೇನಂತಾರೆ?”

“ಅದಕ್ಕೇ ಕೇಳ್ಲಿಲ್ಲ” ಎಂದೆ.

ಅವನು ಟೀ ಲೋಟವನ್ನು ಕಟ್ಟೆಯ ಮೇಲಿಟ್ಟು ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದ. “ಹಂಗಾದ್ರೆ ನಿಮ್ಗೆ ಗೊತ್ತಿತ್ತು” ಎಂದ.

ಗೊತ್ತಿತ್ತು ಎಂದು ನಾನು ಹೇಳುವಷ್ಟರಲ್ಲಿ ಅವನು ಡಬ್ಬಿ ಕಂಕುಳಿಗೆ ಸಿಕ್ಕಿಸಿಕೊಂಡು ತಳಿ ಬಸ್ಸು ಹತ್ತಿದ್ದ.